‘ಬಾಸೊ ಕಂಟಿನ್ಯುವೊ’ಗೆ ‘ಶ್ರುತಿ’ ಎನ್ನಬಹುದೇ?

ಮಿತ್ರರಿಗೆ ನಮಸ್ಕಾರ.

ಜರ್ಮನಿಯ ಸಂಗೀತ ರಚನಕಾರ ಬಾಖ್ ಲೈಪ್ಜಿಗ್ ನಗರದಲ್ಲಿದ್ದಾಗ ರಚಿಸಿದ ‘ಸಂತ ಮತ್ತಾಯನ ಪ್ಯಾಶನ್’ ಎಂಬ ಕೃತಿಯನ್ನು ಕುರಿತ ಪರಿಚಯ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಯೇಸುವಿನ ಕೊನೆಯ ದಿನಗಳ ಕಥೆಯನ್ನು ಹೇಳುವ ಈ ಕೃತಿಯಲ್ಲಿ ಯೇಸುವಿನ ಮಾತು ಬಂದಾಗಲೆಲ್ಲ ಪಿಟೀಲುಗಳ ನಾದ ಅದನ್ನು ಪ್ರಭಾವಳಿಯಂತೆ ಸುತ್ತುವರಿಯುತ್ತದೆ. ಕಥೆ ಹೇಳುವ ಸುವಾರ್ತಿಕನ ಮಾತಿಗೆ ಮಾತ್ರ ಆ ಪ್ರಭಾವಳಿ ಇಲ್ಲ, ಅವನು ‘ಬಾಸೊ ಕಂಟಿನ್ಯುವೊ’ ಎಂಬ, ತಳದ ವಾದ್ಯಗಳ ಹಿನ್ನೆಲೆಯೊಂದರ ಆಸರೆಯಲ್ಲೇ ಹಾಡುತ್ತಾನೆ. ಶಿಲುಬೆಯ ಮೇಲೆ ಯೇಸು, ದೇವರು ತನ್ನನ್ನೇಕೆ ಕೈಬಿಟ್ಟ ಎಂದು ಕೂಗುವ ಗಳಿಗೆಯಲ್ಲಿ ಪಿಟೀಲುಗಳು ಅವನನ್ನೂ ಬಿಟ್ಟು ಸುಮ್ಮನಾಗುತ್ತವೆ, ಉಳಿಯುವುದು ಕಂಟಿನ್ಯುವೊ ಮಾತ್ರ. ಅಷ್ಟು ದೊಡ್ಡ ಅರ್ಥವನ್ನು ಹೊತ್ತ ಪದಕ್ಕೆ ನಾನು ಮೊದಲ ಕರಡಿನಲ್ಲಿ ‘ನಿರಂತರ ಶ್ರುತಿ’ ಎಂದು ಬರೆದಿದ್ದೆ. ಕರಡನ್ನು ಓದಿದ ಗೆಳತಿಯೊಬ್ಬರು, ಅವರು ಹಾಡುಗಾರರು, ‘ಅಂದರೆ ಆ ಹೊತ್ತಿನಲ್ಲಿ ತಂಬೂರಿ ಒಂದೇ ನುಡಿಯುತ್ತಿತ್ತೇ?’ ಎಂದು ಕೇಳಿದರು. ಆ ಪ್ರಶ್ನೆ ಕೇಳಿದ ಮೇಲೆ ಆ ಪದವನ್ನು ಉಳಿಸಿಕೊಳ್ಳಲು ನನಗೆ ಮನಸ್ಸು ಬಂದಿಲ್ಲ.

ನಮ್ಮಲ್ಲಿ ಶ್ರುತಿ ಎಂದರೆ ಕದಲದ್ದು. ಆಧಾರ ಷಡ್ಜ ಕಛೇರಿಯ ಮೊದಲಿನಿಂದ ಕೊನೆಯವರೆಗೆ ಒಂದೇ ಕಡೆ ನಿಂತಿರುತ್ತದೆ, ನಿಂತಿರುವುದೇ ಅದರ ಧರ್ಮ. ಕಂಟಿನ್ಯುವೊ ಹಾಗಲ್ಲ. ಅದು ಕೃತಿಯುದ್ದಕ್ಕೂ ಬಿಡದೆ ಬರುತ್ತದೆ ಎಂಬುದು ನಿಜ, ಹೆಸರಿನಲ್ಲಿರುವ ‘ನಿರಂತರ’ ಎಂಬ ಅರ್ಥ ಅಷ್ಟೇ. ಆದರೆ ಅದು ಬರುವುದು ನಡೆದುಕೊಂಡು. ಸೆಲೊ ಅಥವಾ ಬಸೂನಿನಂಥ ವಾದ್ಯವೊಂದು ತಳದ ಸ್ವರಸಾಲನ್ನು ನುಡಿಸುತ್ತದೆ. ಹಾರ್ಪ್ಸಿಕಾರ್ಡ್, ಆರ್ಗನ್ ಅಥವಾ ಉದ್ದ ಕತ್ತಿನ ಥಿಯೋರ್ಬೊ ಅದೇ ಸಾಲನ್ನು ನುಡಿಸುತ್ತ ಅದರ ಮೇಲೆ ಸ್ವರಗುಚ್ಛಗಳನ್ನು, ಅಂದರೆ ಒಟ್ಟಾಗಿ ಹೊಂದುವ ಸ್ವರಗಳ ಗುಂಪುಗಳನ್ನು, ತುಂಬುತ್ತದೆ. ಸುವಾರ್ತಿಕನ ಭಾಗದಲ್ಲಿ ತಳದ ಸ್ವರಗಳು ದೀರ್ಘವಾಗಿರುವುದರಿಂದ ನಮ್ಮ ಕಿವಿಗೆ ಅವು ಶ್ರುತಿಯಂತೆ ಕೇಳಿಸಬಹುದು, ಆದರೆ ಕಥೆ ಮುಂದುವರಿದಂತೆ ಅವೂ ಜಾಗ ಬದಲಿಸುತ್ತವೆ. ಇದಕ್ಕಿಂತ ಬಲವಾದ ಆಕ್ಷೇಪ ಅದೇ ಕೃತಿಯ ಆರಂಭದಲ್ಲಿದೆ. ಮೊದಲ ಮೇಳಗಾನದ ಆರಂಭದ ಕೆಲವು ಬಾರ್‌ಗಳಲ್ಲಿ (ಬಾರ್ ಎಂದರೆ ತಾಳದ ಎಣಿಕೆಯ ಒಂದು ಖಾನೆ) ತಳದ ವಾದ್ಯಗಳು ಒಂದೇ ಸ್ವರವನ್ನು ಮತ್ತೆ ಮತ್ತೆ ಮಿಡಿಯುತ್ತ ನಿಲ್ಲುತ್ತವೆ, ಮೇಲಿನ ದನಿಗಳು ಮಾತ್ರ ಚಲಿಸುತ್ತವೆ. ಇದನ್ನು ಪಾಶ್ಚಾತ್ಯ ಸಂಗೀತಗಾರರು ‘ಪೆಡಲ್ ಪಾಯಿಂಟ್’ ಎನ್ನುತ್ತಾರೆ. ‘ಶ್ರುತಿ’ ಎಂಬ ಪದವನ್ನು ಎಲ್ಲಿಯಾದರೂ ಬಳಸುವುದಾದರೆ ಇಲ್ಲಿ ಬಳಸಬೇಕು. ಅದನ್ನು ಕಂಟಿನ್ಯುವೊಗೆ ಕೊಟ್ಟುಬಿಟ್ಟರೆ ನಿಜವಾಗಿ ನಿಂತ ಸ್ವರಕ್ಕೆ ನಮ್ಮಲ್ಲಿ ಹೆಸರೇ ಉಳಿಯುವುದಿಲ್ಲ.

ತಳ ಹೇಗೆ ನಡೆಯುತ್ತದೆ ಎಂಬುದನ್ನು ಸರಿಗಮದಲ್ಲಿ ಬರೆದರೆ ನಮ್ಮವರಿಗೆ ಕೂಡಲೇ ಹೊಳೆಯುತ್ತದೆ. ನ್ಯೂರೆಂಬರ್ಗ್‌ನ ಪಾಖೆಲ್ಬೆಲ್ (1653–1706) ರಚಿಸಿದ, ಇಂದು ಮದುವೆಮನೆಗಳಲ್ಲಿಯೂ ಕೇಳಿಬರುವ ‘ಕ್ಯಾನನ್’ನ ತಳವನ್ನು ಶಂಕರಾಭರಣದ ಸ್ವರಗಳಲ್ಲಿ ಹೀಗೆ ಹಾಡಿಕೊಳ್ಳಬಹುದು: ಸ ಪ ದ ಗ ಮ ಸ ಮ ಪ. ಎಂಟೇ ಸ್ವರ, ಎರಡೇ ಬಾರ್. ಈ ಸಾಲು 28 ಸಲ ಬದಲಾಗದೆ ಮರಳಿ ಬರುತ್ತದೆ, ಅದರ ಮೇಲೆ ಮೂರು ಪಿಟೀಲುಗಳು ಒಂದರ ಹಿಂದೊಂದು ಎರಡೆರಡು ಬಾರ್ ತಡವಾಗಿ ಅದೇ ರಾಗಸಾಲನ್ನು ಎತ್ತಿಕೊಳ್ಳುತ್ತವೆ. ಹೀಗೆ ಆವರ್ತಿಸುವ ತಳಕ್ಕೆ ‘ಗ್ರೌಂಡ್ ಬಾಸ್’ ಎಂಬ ಬೇರೆ ಹೆಸರೇ ಇದೆ. ಇಂಗ್ಲೆಂಡಿನ ಪರ್ಸೆಲ್‌ನ ಆಪೆರಾದಲ್ಲಿ ರಾಣಿ ಡೈಡೋ ಸಾಯುವ ಮುನ್ನ ಹಾಡುವ ಹಾಡಿನ ತಳ ಇನ್ನೂ ವಿಶೇಷವಾದುದು. ಅದು ಷಡ್ಜದಿಂದ ಕಾಕಲಿ ನಿಷಾದ, ಕೈಶಿಕಿ ನಿಷಾದ, ಚತುಃಶ್ರುತಿ ಧೈವತ, ಶುದ್ಧ ಧೈವತ ಎಂದು ಒಂದೊಂದೇ ಸ್ವರಸ್ಥಾನವನ್ನು ತುಳಿಯುತ್ತ ಪಂಚಮಕ್ಕೆ ಇಳಿದು, ಅಲ್ಲಿಂದ ಷಡ್ಜಕ್ಕೆ ಸೇರಿ ಐದು ಬಾರ್‌ಗಳಲ್ಲಿ ಮುಗಿಯುತ್ತದೆ, ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಎರಡು ನಿಷಾದ, ಎರಡು ಧೈವತಗಳನ್ನು ಹೀಗೆ ಸಾಲಾಗಿ ಇಳಿಯುವ ನಡೆ ನಮ್ಮ ಮೇಳಕರ್ತ ಪದ್ಧತಿಯ ಹೊರಗಿನದು. ವೀಣೆಯ ಮೇಲೆ ಇದನ್ನು ಮೆಟ್ಟಿಲಿನಿಂದ ಮೆಟ್ಟಿಲಿಗೆ ನುಡಿಸಿ ನೋಡಿದಾಗ ಪದವೇ ಇಲ್ಲದೆ ಅಳು ಕೇಳಿಸಿತು.

ಗ್ರೌಂಡ್ ಬಾಸಿಗೆ ನನಗೆ ಹೊಳೆದ ಪದ ‘ಲೆಹರಾ’. ಧಾರವಾಡ, ಹುಬ್ಬಳ್ಳಿಯ ಕಡೆ ತಬಲಾ ಸೋಲೊ ಕೇಳಿದವರಿಗೆಲ್ಲ ಇದು ಪರಿಚಿತ: ಹಾರ್ಮೋನಿಯಂ ಅಥವಾ ಸಾರಂಗಿಯವರು ಒಂದು ಆವರ್ತನದ ಸ್ವರಸಾಲನ್ನು ಬಿಡದೆ ಮರಳಿಸುತ್ತಿರುತ್ತಾರೆ, ತಬಲಾದವರು ಅದರ ಮೇಲೆ ಕಾಯದಾ ಎಂಬ ತಮ್ಮ ಬೋಲುಗಳ ರಚನೆಗಳನ್ನು ಬೆಳೆಸಿ, ಆವರ್ತನದ ಮೊದಲ ಪೆಟ್ಟಾದ ಸಮಕ್ಕೆ ಬಂದು ಸೇರುತ್ತಾರೆ. ಪರ್ಸೆಲ್‌ನ ಹಾಡಿನಲ್ಲಿಯೂ ಗಾಯಕಿಯ ಸಾಲುಗಳು ತಳದ ಆವರ್ತದೊಂದಿಗೆ ಸರಿಯಾಗಿ ಮುಗಿಯದೆ ಅದನ್ನು ದಾಟಿ ಹೋಗುತ್ತವೆ. ಆದರೆ ಲೆಹರಾ ಕಾಲವನ್ನು ಕಾಯುವುದಕ್ಕಾಗಿ ಇದೆ, ಗ್ರೌಂಡ್ ಬಾಸ್ ಮೇಲಿನ ಸ್ವರಗುಚ್ಛಗಳಿಗೂ ನೆಲೆಯಾಗಿದೆ. ಈ ವ್ಯತ್ಯಾಸ ಪದವನ್ನು ತಳ್ಳಿಹಾಕುವಷ್ಟು ದೊಡ್ಡದೇ ಎಂಬುದು ನನ್ನ ಒಂದು ಪ್ರಶ್ನೆ.

ಇನ್ನು ಮೂಲ ಪದಕ್ಕೆ ಬರುತ್ತೇನೆ. 1602ರಲ್ಲಿ ಇಟಲಿಯ ವಿಯದಾನ ಪ್ರಕಟಿಸಿದ ಚರ್ಚ್ ಸಂಗೀತದ ಸಂಕಲನದ ಶೀರ್ಷಿಕೆಯಲ್ಲಿಯೇ ‘ಬಾಸೊ ಕಂಟಿನ್ಯುವೊ’ ಇದೆ. ಅನೇಕ ದನಿಗಳ ಕೃತಿಗಳನ್ನು ಒಬ್ಬರೋ ಇಬ್ಬರೋ ಹಾಡುವಾಗ ಬಿಟ್ಟುಹೋದ ದನಿಗಳ ಜಾಗ ಬರಿದಾಗುತ್ತಿತ್ತು. ಆ ತೊಂದರೆಯನ್ನು ಕಂಡೇ, ಕೆಲವೇ ಗಾಯಕರು ಸಾಕಾಗುವಂಥ, ಆರ್ಗನ್ನಿನ ಆಸರೆಯುಳ್ಳ ಹಾಡುಗಳನ್ನು ಬರೆದೆನೆಂದು ಅವನು ಮುನ್ನುಡಿಯಲ್ಲಿ ಹೇಳುತ್ತಾನೆ. ಅಲ್ಲಿಂದ ಸುಮಾರು 150 ವರ್ಷ ಯುರೋಪಿನ ಸಂಗೀತ ಈ ತಳದ ಮೇಲೆಯೇ ನಿಂತಿತು. ಹಾಗಾಗಿ ‘ಮಂದ್ರ’ ಎಂಬ ಪದ ಇಲ್ಲಿ ಬರಲೇಬೇಕು ಎಂಬುದು ನನ್ನ ಅನಿಸಿಕೆ, ಆದರೆ ಮಂದ್ರ ನಮ್ಮಲ್ಲಿ ಕೆಳಗಿನ ಸ್ಥಾಯಿಯ ಹೆಸರು, ದನಿಯ ಹೆಸರಲ್ಲ. ‘ನಡೆಮಂದ್ರ’ ಎನ್ನೋಣವೆಂದರೆ ‘ನಡೆ’ ಲಯದ ಪಾರಿಭಾಷಿಕ, ತಿಶ್ರನಡೆ, ಖಂಡನಡೆಗಳನ್ನು ನೆನಪಿಸುತ್ತದೆ. ‘ಅಖಂಡ ಮಂದ್ರ’ ಎಂದರೆ ಮತ್ತೆ ಕದಲದ ತಂಬೂರಿಯೇ ಕಣ್ಣಮುಂದೆ ನಿಲ್ಲುತ್ತದೆ.

ಕಂಟಿನ್ಯುವೊದ ಹಾಳೆಯನ್ನು ನೋಡಿದವರಿಗೆ ಇನ್ನೊಂದು ದಾರಿ ಕಾಣುತ್ತದೆ. ಅಲ್ಲಿ ತಳದ ಸ್ವರಗಳು ಮಾತ್ರ ಬರೆದಿರುತ್ತವೆ, ಕೆಲವು ಸ್ವರಗಳಿಗೆ 6, 7 ಎಂಬಂಥ ಸಣ್ಣ ಅಂಕೆಗಳು ಅಂಟಿಕೊಂಡಿರುತ್ತವೆ. ತಳದ ಸ್ವರವನ್ನೇ ಒಂದು ಎಂದು ಹಿಡಿದು ಮೇಲಕ್ಕೆ ಎಣಿಸಬೇಕು, ನಾವು ಷಡ್ಜದಿಂದ ಎಣಿಸಿ ಪಂಚಮ ಎನ್ನುವ ಹಾಗೆಯೇ. ಗಾಂಧಾರಕ್ಕೆ ಅಂಕೆ ಇಲ್ಲದಿದ್ದರೆ ಮೂರನೆಯದು, ಐದನೆಯದು ಸೇರಿ ಗ ಪ ನಿ. 6 ಇದ್ದರೆ ಮೂರನೆಯದು, ಆರನೆಯದು ಸೇರಿ ಗ ಪ ಸ. ಯಾವ ಸ್ವರಗಳು ಎಂಬುದನ್ನು ಅಂಕೆ ಹೇಳುತ್ತದೆ. ಅವನ್ನು ಯಾವ ಸ್ಥಾಯಿಯಲ್ಲಿ, ಬಿಡಿಸಿಯೋ ಒಟ್ಟಿಗೋ, ಎಷ್ಟು ತುಂಬಿ ನುಡಿಸಬೇಕು ಎಂಬುದು ವಾದಕನ ಮನೋಧರ್ಮಕ್ಕೆ ಬಿಟ್ಟದ್ದು. ಮನೋಧರ್ಮ ಎಂಬ ಮಾತನ್ನು ನಾನು ತೂಗಿ ನೋಡಿಯೇ ಬಳಸಿದ್ದೇನೆ.

ಈ ‘ಫಿಗರ್ಡ್ ಬಾಸ್’ಗೆ ಅನುವಾದವೊಂದರಲ್ಲಿ ‘ಅಂಕಿತ ಮಂದ್ರ’ ಎಂಬ ಪದ ಕಂಡಿದ್ದೇನೆ. ಸಂಸ್ಕೃತದ ಅರ್ಥಕ್ಕೆ ಅದು ಸರಿಯಾದರೂ ಕನ್ನಡದ ಸಂಗೀತಪ್ರಿಯರಿಗೆ ‘ಅಂಕಿತ’ ಎಂದೊಡನೆ ಪುರಂದರವಿಠಲ, ಕಾಗಿನೆಲೆಯಾದಿಕೇಶವ ನೆನಪಾಗುತ್ತಾರೆ. ಅದಕ್ಕಿಂತ ‘ಅಂಕೆಮಂದ್ರ’ ನನಗೆ ಹಿಡಿಸಿದೆ. ಅಂಕೆ ಎಂದರೆ ಸಂಖ್ಯೆ, ಅಂಕೆ ಎಂದರೆ ಹಿಡಿತವೂ ಹೌದು. ಅಂಕೆ ಇಲ್ಲದ ಕಪಿ ಲಂಕೆ ಸುಟ್ಟಿತು ಎನ್ನುವಲ್ಲಿರುವುದು ಆ ಎರಡನೆಯ ಅರ್ಥ. ಬರೆದ ಅಂಕೆಯ ಹಿಡಿತದೊಳಗೆ ವಾದಕನ ಸ್ವಾತಂತ್ರ್ಯ ಎಂಬ ಇಡೀ ಪದ್ಧತಿಯ ಜೀವ ಆ ಒಂದು ಪದದಲ್ಲಿ ಬರುತ್ತದೆ.

ಆದರೂ ಅದು ಬರಹದ ಹೆಸರು, ಕೇಳುವ ದನಿಯ ಹೆಸರಲ್ಲ. ಸುವಾರ್ತಿಕನ ವಾಕ್ಯಕ್ಕೆ ಸದ್ಯ ‘ತಳದನಿಯ ಆಸರೆಯೊಂದರಲ್ಲೇ ಹಾಡುತ್ತಾನೆ’ ಎಂದು ಬರೆದಿಟ್ಟಿದ್ದೇನೆ. ‘ತಳದನಿ’ ಓದುಗರಿಗೆ ನಡೆಯುವ ದನಿಯಾಗಿ ಕೇಳಿಸುತ್ತದೆಯೇ, ಅಥವಾ ‘ತಗ್ಗಿದ ದನಿ’ ಎಂಬ ಅರ್ಥಕ್ಕೆ ಜಾರುತ್ತದೆಯೇ? ಗ್ರೌಂಡ್ ಬಾಸಿಗೆ ‘ಲೆಹರಾ’ ಎಂದರೆ ತಬಲಾ, ಹಾರ್ಮೋನಿಯಂ ಬಲ್ಲವರು ಒಪ್ಪುವರೇ? ಅವರ ಅಭಿಪ್ರಾಯವನ್ನು ವಿಶೇಷವಾಗಿ ಕೇಳಬಯಸುತ್ತೇನೆ.