ತೆಗೆದ ಪೊರೆ ಪುನಃ ಬರ್ಲಿಕ್ಕುಂಟಾ?

ನಮಸ್ಕಾರ. ಒಂದು ಪದ ಬೇಕಾಗಿದೆ.

ಉಡುಪಿಯಲ್ಲಿರುವ ನಮ್ಮ ಅತ್ತೆಗೆ ಎರಡು ವರ್ಷದ ಹಿಂದೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಈಗ ಅದೇ ಕಣ್ಣು ಮಂಜು ಮಂಜು. ರಾತ್ರಿ ರಥಬೀದಿಯ ದೀಪಗಳು ಹರಡಿಕೊಂಡು ಕಾಣುತ್ತವಂತೆ. ಡಾಕ್ಟರು ಚೀಟಿಯಲ್ಲಿ ಪಿಸಿಒ ಎಂದು ಬರೆದರು (ನನಗೆ ನೆನಪಾದದ್ದು ಹಳದಿ ಬೋರ್ಡಿನ ಟೆಲಿಫೋನ್ ಬೂತು). ಬಾಯಲ್ಲಿ "ಎರಡನೇ ಪೊರೆ" ಎಂದರು. ಅತ್ತೆಗೆ ಸಿಟ್ಟು ಬಂತು. "ಹಾಗಾದ್ರೆ ಅವತ್ತು ತೆಗೆದದ್ದು ಎಂತ ಮಾರಾಯ? ತೆಗೆದ ಪೊರೆ ಪುನಃ ಬರ್ಲಿಕ್ಕುಂಟಾ?"

ಈ ಗೊಂದಲಕ್ಕೆಲ್ಲ ಪೊರೆ ಎಂಬ ಪದವೇ ಕಾರಣ ಅನ್ನಿಸುತ್ತದೆ. ಪೊರೆ ಎಂದರೆ ನಮಗೆ ತೆಳ್ಳಗಿನ ಪದರ, ಹಾವು ಬಿಡುತ್ತದಲ್ಲ, ಹಾಗೆ. ಆದರೆ ಮೊದಲ ಸಲ ಕಣ್ಣಿನಲ್ಲಿ ಅಂಥ ಪದರ ಯಾವುದೂ ಬೆಳೆದಿರುವುದಿಲ್ಲ. ಒಳಗಿನ ಮಸೂರವೇ ಮಬ್ಬಾಗಿರುತ್ತದೆ. ಅದನ್ನು ತೆಗೆದು, ಅದು ಕೂತಿದ್ದ ತೆಳು ಚೀಲವನ್ನು ಉಳಿಸಿಕೊಂಡು, ಅದರೊಳಗೆ ಹೊಸ ಲೆನ್ಸ್ ಕೂರಿಸುತ್ತಾರೆ. ಚೀಲದಲ್ಲಿ ಒಂದಿಷ್ಟು ಹಳೆಯ ಜೀವಕೋಶಗಳು ಉಳಿದುಬಿಡುತ್ತವೆ. ತಿಂಗಳೋ ವರ್ಷವೋ ಕಳೆದ ಮೇಲೆ ಅವು ಬೆಳೆದು ಲೆನ್ಸಿನ ಹಿಂದಕ್ಕೆ ಹಬ್ಬುತ್ತವೆ. ಆಗ ಚೀಲದ ಹಿಂಬದಿ ಮಬ್ಬಾಗುತ್ತದೆ. ಚೀಟಿಯ ಪಿಸಿಒ ಅಂದರೆ ಇದೇ (ಪೋಸ್ಟೀರಿಯರ್ ಕ್ಯಾಪ್ಸೂಲ್ ಒಪ್ಯಾಸಿಫಿಕೇಶನ್). "ಲೆನ್ಸ್ ಹಾಳಾಯ್ತು" ಎನ್ನುವವರಿದ್ದಾರೆ. ಲೆನ್ಸ್ ಚೆನ್ನಾಗಿಯೇ ಇರುತ್ತದೆ.

ತಮಾಷೆ ನೋಡಿ. ಪೊರೆ ಅಲ್ಲದ್ದಕ್ಕೆ ಪೊರೆ ಎಂದು ಹೆಸರಿಟ್ಟು ಖರ್ಚು ಮಾಡಿಬಿಟ್ಟೆವು. ನಿಜವಾದ ಪೊರೆ ಮಬ್ಬಾದಾಗ ಕೈಯಲ್ಲಿ ಪದವೇ ಇಲ್ಲ!

ಇದಕ್ಕೆ ಪುನಃ ಕೊಯ್ಯಲಿಕ್ಕಿಲ್ಲ. ಯಾಗ್ ಲೇಸರ್ ಹೊಡೆದು ಆ ಪದರದ ನಡುವೆ ತೂತು ಮಾಡುತ್ತಾರೆ, ಕೆಲವೇ ನಿಮಿಷದ ಕೆಲಸ. ಇಟ್ರಿಯಂ, ಅಲ್ಯೂಮಿನಿಯಂ, ಗಾರ್ನೆಟ್ ಇವುಗಳ ಇಂಗ್ಲಿಷ್ ಮೊದಲಕ್ಷರ ಸೇರಿ ಯಾಗ್. ಅತ್ತೆ ಕೇಳಿಸಿಕೊಂಡದ್ದು ಯಾಗ. "ಕಣ್ಣಿಗೆ ಎಂತ ಯಾಗ? ಯಾವ ಭಟ್ರು?" ಕೊನೆಗೆ ನಾನು "ಬೆಳಕು ಬರ್ಲಿಕ್ಕೆ ಒಂದು ಕಿಂಡಿ ಮಾಡ್ತಾರೆ ಅತ್ತೆ" ಎಂದೆ. ಕನಕನ ಕಿಂಡಿಯ ಊರಿನವರು, ಮತ್ತೆ ಪ್ರಶ್ನೆ ಕೇಳಲಿಲ್ಲ. ಹಾಗಾಗಿ ಚಿಕಿತ್ಸೆಗೆ "ಕಿಂಡಿ ತೆರೆಯುವುದು" ಎಂಬ ಮಾತು ನನಗೆ ಸಿಕ್ಕಿಬಿಟ್ಟಿದೆ.

ತೊಂದರೆಗೇ ಹೆಸರಿಲ್ಲ. "ಹಿಂಭಾಗದ ಸಂಪುಟದ ಅಪಾರದರ್ಶಕತೆ" ಎಂದರೆ ಯಾರ ಬಾಯಲ್ಲೂ ನಿಲ್ಲುವುದಿಲ್ಲ. "ಎರಡನೇ ಪೊರೆ" ಅತ್ತೆಯಂಥವರನ್ನು ಸುಮ್ನೆ ಹೆದರಿಸುತ್ತದೆ. ನಾನು ಯೋಚಿಸಿದ್ದು ಹಿಂಪೊರೆ ಮಬ್ಬು. ಇದರಲ್ಲೂ ಪೊರೆ ಬಂತು ಅಲ್ವಾ, ಅದೇ ಅನುಮಾನ. ಚೀಲದ ಮಬ್ಬು ಎಂದರೆ ಸಾಕಾ? ಮಂಗಳೂರು, ಕುಂದಾಪುರದ ಕಡೆ ಆಪರೇಷನ್ ಆದ ಹಿರಿಯರು ಇದನ್ನು ಏನೆನ್ನುತ್ತಾರೆ? ಕೇಳಿದವರಿದ್ದರೆ ಹೇಳಿ.