ಪದ ಬೇಕು: ಉಣ್ಣೆ, ತೊಗಲು, ಮೂಳೆಯ ಘಟಕದ ಬೋರ್ಡಿಗೆ

ಅರಸೀಕೆರೆಯಿಂದ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ. ನಮ್ಮ ಕುರಿಗಾರರ ಸಂಘ ಊರಾಚೆ ಒಂದು ಶೆಡ್ ಹಾಕಿದೆ. ಉಣ್ಣೆ ತೊಳೆದು ಹಿಂಜುವುದು, ತೊಗಲು ಹದ ಮಾಡುವುದು, ಮೂಳೆ ಕೊಂಬು ಪುಡಿ ಮಾಡಿ ಗೊಬ್ಬರಕ್ಕೆ ಕೊಡುವುದು ಅಲ್ಲಿನ ಕೆಲಸ. ಯೋಜನೆಯ ಇಂಗ್ಲಿಷ್ ಹೆಸರನ್ನು ಯಾರೋ ಹೀಗೆ ಕನ್ನಡಕ್ಕೆ ತಂದು ಕಳಿಸಿದ್ದಾರೆ: ‘ಪ್ರಾಣಿಜನ್ಯ ಉಪ ಉತ್ಪನ್ನಗಳ ಹಾಗೂ ಉಣ್ಣೆಯ ಸುಸ್ಥಿರ ಸಂಸ್ಕರಣಾ ಮತ್ತು ಬಳಕೆ ಘಟಕ’. ಹಲಗೆ ಇರುವುದು ಆರು ಅಡಿ. ಬರೆಯುವವರು ನಾಳೆ ಬೆಳಿಗ್ಗೆ ಬರುತ್ತಾರೆ. ಇದನ್ನು ಓದಿ ಯಾವ ಕುರಿಗಾರ ಉಣ್ಣೆ ತಂದು ಹಾಕುತ್ತಾನೆ ಹೇಳಿ? ಬೈ-ಪ್ರಾಡಕ್ಟ್‌ಗೆ, ಸಸ್ಟೇನಬಲ್‌ಗೆ ನಮ್ಮ ಕಡೆ ಬಾಯಲ್ಲಿ ಆಡುವ ಪದ ಇದ್ದರೆ ಇವತ್ತೇ ತಿಳಿಸಿ.

ಹಾಸನದಿಂದ:
ಮೊದಲು ಸಂಧಿ ಸರಿ ಮಾಡಿಕೊಳ್ಳಿ. ‘ಉಪೋತ್ಪನ್ನ’. ಬಿಡಿಸಿ ಬರೆಯುವುದು ಸೋಮಾರಿತನ. ಮಿಕ್ಕ ಪದಗಳೆಲ್ಲ ಸರಿ ಇವೆ. ಹಲಗೆ ಸಾಲದಿದ್ದರೆ ದೊಡ್ಡ ಹಲಗೆ ತರಿಸಿ.

ಕಡೂರಿನಿಂದ:
ಗುಣಸಂಧಿ ಸಂಸ್ಕೃತದ್ದು. ಕನ್ನಡದ ಬೋರ್ಡಿಗೆ ಅದು ಯಾಕೆ? ‘ಹುಟ್ಟುವಳಿ’ ಅನ್ನುವ ಪದ ಇದೆಯಲ್ಲ. ಬೈ-ಪ್ರಾಡಕ್ಟ್‌ಗೆ ‘ಅಡ್ಡಹುಟ್ಟುವಳಿ’ ಅನ್ನಿ. ಸಂಸ್ಕರಣೆಗೆ ‘ಹದ’ ಸಾಕು. ಹಳಗನ್ನಡದ ‘ಪದ’ವೇ ಈಗಿನ ‘ಹದ’, ಪಾಲ್ ಹಾಲು ಆದಂತೆ. ತೊಗಲಿಗೂ ಹದ, ಮಣ್ಣಿಗೂ ಹದ, ಕಬ್ಬಿಣಕ್ಕೂ ಹದ. ಇಷ್ಟು ಅಗಲವಾದ ಪದವನ್ನು ಬಿಟ್ಟು ಸಂಸ್ಕರಣೆ ಅಂತ ಯಾಕೆ ಒದ್ದಾಡಬೇಕು? ಉಣ್ಣೆಯನ್ನೂ ಬಿಡಿ. ಅದು ಸಂಸ್ಕೃತದ ‘ಊರ್ಣಾ’, ಪ್ರಾಕೃತದ ದಾರಿಯಲ್ಲಿ ಬಂದದ್ದು. ನಮ್ಮದು ‘ತುಪ್ಪಟ’. ‘ತುಪ್ಪಟ ತೊಗಲು ಹದಮನೆ’ ಅಂತ ಬರೆಸಿ. ಆರು ಅಡಿಯಲ್ಲಿ ಆರಾಮಾಗಿ ಕೂರುತ್ತದೆ.

ತರೀಕೆರೆಯಿಂದ:
ಹದಮನೆ ಅಂದರೆ ಕುಲುಮೆ ಅಂದುಕೊಂಡು ಯಾರಾದರೂ ಕುಡುಗೋಲು ತಂದಾರು.

ನಮ್ಮ ಮನೆಯಲ್ಲಿ ಕಂಬಳಿ ನೇಯುತ್ತಿದ್ದರು, ಅದಕ್ಕೇ ಹೇಳುತ್ತಿದ್ದೇನೆ. ಉಣ್ಣೆಗೆ ಹದ ಅನ್ನುವುದನ್ನು ನಾನು ಕೇಳಿಲ್ಲ. ಕತ್ತರಿಸುವುದು, ಕರಿದು ಬಿಳಿದು ಬೇರೆ ಮಾಡುವುದು, ಹಿಂಜುವುದು, ನೂಲುವುದು. ಆಮೇಲೆ ಹಾಸಿನ ನೂಲಿಗೆ, ಅಂದರೆ ಮಗ್ಗದ ಉದ್ದದ ಎಳೆಗೆ, ಹುಣಸೆಬೀಜದ ಗಂಜಿ ಕೊಟ್ಟು ನೇಯುವುದು. ಗಂಜಿ ಸರಿಯಾಗಿ ಹಿಡಿಯದಿದ್ದರೆ ನೂಲು ಮಗ್ಗದಲ್ಲೇ ಕಿತ್ತು ಬರುತ್ತದೆ. ಒಂದೊಂದು ಕೆಲಸಕ್ಕೂ ಅದರದೇ ಕ್ರಿಯಾಪದ ಇದೆ. ಎಲ್ಲವನ್ನೂ ಒಂದೇ ನಾಮಪದದಲ್ಲಿ ಕಟ್ಟಿಹಾಕುವ ಅಗತ್ಯ ಆಫೀಸಿಗೆ ಬಂತು, ಮಗ್ಗದವರಿಗೆ ಬಂದಿರಲಿಲ್ಲ.

ಇನ್ನು ಉಣ್ಣೆ ನಮ್ಮದಲ್ಲ ಅನ್ನುವ ಮಾತು. ಕುರುಬರಲ್ಲಿ ಉಣ್ಣೆಕಂಕಣ, ಹತ್ತಿಕಂಕಣ ಅಂತ ಎರಡು ಪಂಗಡ. ಮದುವೆಯಲ್ಲಿ ಕೈಗೆ ಕಟ್ಟುವ ಕಂಕಣದ ದಾರದಿಂದ ಬಂದ ಹೆಸರು ಅದು. ಕಡೂರಿನವರು ಅದನ್ನು ತುಪ್ಪಟಕಂಕಣ ಅನ್ನುತ್ತಾರಾ? ಮದುವೆಯ ಕಂಕಣದಲ್ಲಿ, ಪಂಗಡದ ಹೆಸರಿನಲ್ಲಿ ಇರುವ ಪದವನ್ನು ಹೊರಗಿನದು ಅಂದರೆ ಒಳಗಿನದು ಯಾವುದು ಉಳಿಯುತ್ತದೆ? ಕಂಬಳಿಯಲ್ಲಿ ಉಣ್ಣುತ್ತಾ ಕೂದಲು ಎಣಿಸಿದ ಹಾಗಾಯಿತು.

ನನಗೆ ಜಾಸ್ತಿ ಚುಚ್ಚುವುದು ‘ಉಪ’. ಯಾವುದಕ್ಕೆ ಉಪ? ಮಾಂಸಕ್ಕೆ. ಕಂಬಳಿ ನೇಯುವವರಿಗೆ ಉಣ್ಣೆ ಯಾವತ್ತೂ ಉಪ ಆಗಿರಲಿಲ್ಲ. ತಮಟೆ ಮಾಡುವವರಿಗೆ, ತೊಗಲುಗೊಂಬೆ ಆಡಿಸುವವರಿಗೆ ತೊಗಲೂ ಉಪ ಅಲ್ಲ. ಈಗ ರೇಟು ಇರುವುದು ಮಾಂಸಕ್ಕೆ ಮಾತ್ರ, ನಿಜ. ನಮ್ಮ ಹಾಸನ ತಳಿಯ ಕುರಿಯ ಉಣ್ಣೆ ಒರಟು, ಮಿಲ್ಲಿನ ಬಟ್ಟೆಗೆ ಬಾರದು. ಕತ್ತರಿಸಿದ ಕೂಲಿ ಕೂಡ ಹುಟ್ಟದೆ ಹೊಲದಲ್ಲೇ ಬಿಟ್ಟು ಬರುವವರಿದ್ದಾರೆ. ಆದರೆ ಆ ಉಣ್ಣೆಗೆ ಬೆಲೆ ಬರಲಿ ಅಂತಲೇ ಕಟ್ಟಿದ ಶೆಡ್ಡಿನ ಮೇಲೆ ಅದನ್ನು ಉಪ, ಅಡ್ಡ ಅಂತ ಬರೆಯಬೇಡಿ.

ಹಾಸನದಿಂದ:
ಭಾವುಕತೆ ಬೇರೆ, ಪಾರಿಭಾಷಿಕ ಪದ ಬೇರೆ.

ಸಕಲೇಶಪುರದಿಂದ:
ಮೂಳೆ ಗೊಬ್ಬರ ಕೊಳ್ಳುವವನಾಗಿ ಒಂದು ಮಾತು. ನಮ್ಮ ಕಾಫಿ ತೋಟದ ಮಣ್ಣು ಹುಳಿ. ಅಂಥ ಮಣ್ಣಿನಲ್ಲಿ ಮೂಳೆಯ ರಂಜಕ ನಿಧಾನವಾಗಿ ಕರಗಿ ಬೇರಿಗೆ ಸಿಗುತ್ತದೆ. ಕೊಂಬು ಗೊರಸಿನ ಪುಡಿಯಲ್ಲಿ ಸಾರಜನಕ ಜಾಸ್ತಿ. ನೇಯಲು ಬಾರದ ಕೊಳಕು ಉಣ್ಣೆಯನ್ನು ಗಿಡದ ಬುಡಕ್ಕೆ ಮುಚ್ಚಿಗೆ ಹಾಕಿದರೆ ನೀರು ಹಿಡಿದುಕೊಳ್ಳುತ್ತದೆ. ಮೆಲ್ಲಗೆ ಕೊಳೆತು ಅದೂ ಸಾರಜನಕವೇ ಆಗುತ್ತದೆ. ಅದನ್ನೂ ಚೀಲದಲ್ಲಿ ಮಾರಿ. ತೋಟದವನು ಹುಡುಕುವುದು ‘ಮೂಳೆಹುಡಿ’ ಅನ್ನುವ ಪದವನ್ನು. ಉಪೋತ್ಪನ್ನ ಅಂತ ಬರೆದರೆ ಜೀಪು ನಿಲ್ಲಿಸದೆ ಮುಂದೆ ಹೋಗುತ್ತಾನೆ.

ಸುಸ್ಥಿರಕ್ಕೆ ಪದ ಹುಡುಕುವ ಮೊದಲು ನೀರು ಎಲ್ಲಿಗೆ ಬಿಡುತ್ತೀರಿ ಹೇಳಿ. ಉಣ್ಣೆ ತೊಳೆದ ನೀರಿನಲ್ಲಿ ಜಿಡ್ಡು ಇರುತ್ತದೆ. ಅದನ್ನು ಬೇರೆ ತೆಗೆದರೆ ಲ್ಯಾನೋಲಿನ್, ಮುಲಾಮಿಗೆ ಬರುತ್ತದೆ. ತೆಗೆಯದೆ ಬಿಟ್ಟರೆ ಕೆರೆ ಹಾಳು. ತೊಗಲು ಹದ ಮಾಡಲು ತಂಗಡಿ ಗಿಡದ ಚಕ್ಕೆ ಹಾಕುತ್ತೀರೋ ಕ್ರೋಮಿಯಂ ರಾಸಾಯನಿಕ ಹಾಕುತ್ತೀರೋ? ಅದರ ಮೇಲಿದೆ ಎಲ್ಲ.

ಬೇಲೂರಿನಿಂದ:
ಎರವಲಿನ ಜಗಳಕ್ಕೆ ನಮ್ಮ ತಾಲ್ಲೂಕಿನಲ್ಲೇ ಉತ್ತರ ಇದೆ. ಸುಮಾರು 450ರ ಹಲ್ಮಿಡಿ ಶಾಸನ ಶುರುವಾಗುವುದೇ ಸಂಸ್ಕೃತ ಶ್ಲೋಕದಿಂದ. ಒಳಗೂ ಸಂಸ್ಕೃತ ಪದಗಳು ತುಂಬಿವೆ. ಆದರೂ ಅದು ಕನ್ನಡ ಶಾಸನವೇ. ಕಡೂರಿನವರ ಜರಡಿಯಲ್ಲಿ ಸೋಸಿದರೆ ಹಲ್ಮಿಡಿಯೇ ಉಳಿಯಲ್ಲ.

ಕಡೂರಿನಿಂದ:
ಶಾಸನ ಬರೆಸಿದ್ದು ಅರಸರ ಕಡೆಯವರು. ಕುರಿ ಕಾಯುವವನ ಮಾತು ಅದರಲ್ಲಿ ಇಲ್ಲ. ಆದರೂ ಅದೇ ಕಲ್ಲಿನಲ್ಲಿ ‘ಬಾಳ್ಗಳ್ಚು’ (ಕತ್ತಿ ತೊಳೆದು ವೀರನಿಗೆ ಕೊಡುವ ದತ್ತಿ) ಅನ್ನುವ ಅಚ್ಚಗನ್ನಡ ಪದ ಇದೆ, ಅದನ್ನು ಯಾಕೆ ಹೇಳಲಿಲ್ಲ? ಅಲ್ಲಿ ಕೆತ್ತಿರುವುದು ‘ಪಲ್ಮಿಡಿ’, ನೀವು ಅನ್ನುವುದು ಹಲ್ಮಿಡಿ. ‘ಪದ’ ‘ಹದ’ ಆಗಿದ್ದೂ ಹಾಗೆಯೇ. ಎರವಲು ತಪ್ಪು ಅಂತ ನಾನು ಹೇಳಿಲ್ಲ. ಮನೆಯಲ್ಲಿ ಇರುವುದನ್ನು ಹೊರಗೆ ಹಾಕಿ ಎರವಲು ತರುವುದು ತಪ್ಪು. ಉಣ್ಣೆಯ ವಿಷಯದಲ್ಲಿ ತರೀಕೆರೆಯವರ ಮಾತು ಒಪ್ಪುತ್ತೇನೆ. ಸಂಸ್ಕರಣೆ ಒಪ್ಪಲ್ಲ.

ಹಾಸನದಿಂದ:
ಸಂಸ್ಕರಣೆ ಕನ್ನಡದ ಪಠ್ಯಪುಸ್ತಕದಲ್ಲಿ ಇದೆ. ಚರ್ಚೆ ಮುಗಿಯಿತು.

ಅರಸೀಕೆರೆಯಿಂದ:
ಎಲ್ಲರಿಗೂ ಥ್ಯಾಂಕ್ಸ್. ಸಂಘದವರ ಜೊತೆ ಕೂತು ಹೀಗೆ ತೀರ್ಮಾನ ಮಾಡಿದ್ದೇವೆ. ಮೇಲಿನ ಸಾಲು: ‘ಕುರಿಗಾರರ ಉಣ್ಣೆ, ತೊಗಲು, ಮೂಳೆಹುಡಿ ಘಟಕ’. ಯೋಜನೆಯ ಉದ್ದದ ಹೆಸರು ಕಾಗದಪತ್ರದಲ್ಲಿ ಇದ್ದಹಾಗೇ ಇರಲಿ, ಅಲ್ಲಿ ‘ಉಪೋತ್ಪನ್ನ’ ಅಂತ ತಿದ್ದುತ್ತೇವೆ. ಸುಸ್ಥಿರವನ್ನು ಬೋರ್ಡಿನಿಂದ ತೆಗೆದೆವು. ಸಕಲೇಶಪುರದವರು ಕೇಳಿದ್ದಕ್ಕೆ ಉತ್ತರವಾಗಿ ಕೆಳಗಿನ ಸಾಲು: ‘ತಂಗಡಿ ಚಕ್ಕೆಯಲ್ಲಿ ಹದ ಮಾಡಿದ ತೊಗಲು. ತೊಳೆದ ನೀರು ಕೆರೆಗೆ ಬಿಡುವುದಿಲ್ಲ’. ಹೀಗೆ ಬರೆಸಿದ ಮೇಲೆ ಅದರಂತೆ ನಡೆಯಲೇಬೇಕು, ಗೊತ್ತಿದೆ. ಒಂದೇ ಅನುಮಾನ ಉಳಿದಿದೆ. ತೊಗಲು ಅಂದರೆ ಹೊರಗಿನವರಿಗೆ ತಿಳಿಯುತ್ತದಾ, ಚರ್ಮ ಅನ್ನಬೇಕಾ?

ಕಡೂರಿನಿಂದ:
ತೊಗಲೇ ಇರಲಿ, ತಿಳಿಯುತ್ತದೆ. ‘ಘಟಕ’ ತೆಗೆದು ‘ಮನೆ’ ಮಾಡಿ. ಇನ್ನೂ ಬೆಳಗಾಗಿಲ್ಲ.