ಬ್ರೈಟನ್ ಕಡಲ ದಂಡೆಯಲ್ಲಿ ಪಾಟ್ನಾದವನ ಸ್ನಾನದ ಮನೆ ಇತ್ತಂತೆ, ನಿಜವಾ?

ಸರಸ್ವತಿಪುರಂ ವನಜ:
ತಂಗಿ ಮಗಳು ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಓದುತ್ತಿದ್ದಾಳೆ. ಕಡಲೆದುರಿನ ಕ್ವೀನ್ಸ್ ಹೋಟೆಲಿನ ಫೋಟೊ ಕಳಿಸಿ, "ದೊಡ್ಡಮ್ಮ, ಈ ಜಾಗದಲ್ಲಿ ಪಾಟ್ನಾದವನೊಬ್ಬ ಹಬೆ ಸ್ನಾನದ ಮನೆ ನಡೆಸುತ್ತಿದ್ದನಂತೆ, ರಾಜರೂ ಬರುತ್ತಿದ್ದರಂತೆ" ಎಂದಳು. ಗೈಡುಗಳು ಕಟ್ಟಿದ ಕತೆಯಾ? ಎಣ್ಣೆ ನೀರು ಹಾಕೋಕೆ ಅಷ್ಟು ದೂರ ಹೋಗಬೇಕಿತ್ತಾ ಅಂತ ನಮ್ಮನೆಯವರು ನಗುತ್ತಿದ್ದಾರೆ.

ಒಂಟಿಕೊಪ್ಪಲ್ ಮೇಷ್ಟ್ರು:
ನಿಜ ಮೇಡಂ. ಅವನು ಸೇಕ್ ದೀನ್ ಮಹಮ್ಮದ್. ಹುಟ್ಟಿದ್ದು 1759ರಲ್ಲಿ. ಕಂಪನಿ ಸೈನ್ಯದಲ್ಲಿದ್ದವನು, ತನ್ನ ಕ್ಯಾಪ್ಟನ್ ಬೇಕರ್ ಜೊತೆ 1784ರಲ್ಲಿ ಐರ್ಲೆಂಡಿಗೆ ಹೋದ. ಅಲ್ಲಿನ ಜೇನ್ ಡಾಲಿಯನ್ನು ಮದುವೆಯಾದ. 1810ರಲ್ಲಿ ಲಂಡನ್ನಿನಲ್ಲಿ ಹಿಂದೂಸ್ತಾನಿ ಕಾಫಿ ಹೌಸ್ ತೆರೆದು, ಎರಡೇ ವರ್ಷದಲ್ಲಿ ದಿವಾಳಿಯಾದ. ಆಮೇಲೆ ಬ್ರೈಟನ್.

ಊರು ಆರಿಸಿದ್ದರಲ್ಲೇ ಅವನ ಜಾಣತನ ಇದೆ. ಸಮುದ್ರದ ನೀರು ಕಾಯಿಲೆಗೆ ಒಳ್ಳೇದು ಅಂತ ಡಾಕ್ಟರ್ ರಸೆಲ್ 1750ರ ಸುಮಾರಿಗೆ ಬರೆದ ಮೇಲೆ ದುಡ್ಡಿದ್ದವರೆಲ್ಲ ಅಲ್ಲಿಗೆ ಹೊರಟಿದ್ದರು. ಯುವರಾಜನ ಅರಮನೆಯೂ ಅಲ್ಲೇ. ಇವನು 1821ರಲ್ಲಿ ಕಡಲೆದುರು ದೊಡ್ಡ ಸ್ನಾನದ ಮನೆ ತೆರೆದ. ಮೂಲಿಕೆ ಹಬೆಯಲ್ಲಿ ಚೆನ್ನಾಗಿ ಬೆವರಿಸುವುದು, ಆಮೇಲೆ ಫ್ಲಾನೆಲ್ ಗುಡಾರದಲ್ಲಿ ಕೂರಿಸಿ, ಬಟ್ಟೆಯ ತೂತುಗಳಿಂದ ಕೈ ಮಾತ್ರ ತೂರಿಸಿ ಮೈ ಒತ್ತುವುದು. ಗುಣವಾದವರು ಬಿಟ್ಟುಹೋದ ಊರುಗೋಲುಗಳನ್ನು ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದ. ಇದಕ್ಕಿಂತ ಜಾಹೀರಾತು ಬೇಕಾ? ನಾಲ್ಕನೇ ಜಾರ್ಜ್, ನಾಲ್ಕನೇ ವಿಲಿಯಂ ಇಬ್ಬರೂ ಅವನನ್ನು ತಮ್ಮ ಮಾಲೀಷಿಗೆ ನೇಮಿಸಿಕೊಂಡರು. ವೈದ್ಯ ಓದಿದವನೇನಲ್ಲ. ಮಾತು ಸ್ವಲ್ಪ ಜಾಸ್ತಿಯೇ ಇತ್ತು ಅಂತ ನನ್ನ ಅಭಿಪ್ರಾಯ, ಆದರೆ ಕೆಲಸ ಗೊತ್ತಿತ್ತು.

ಮದ್ದೂರು ವಡೆ:
ಮೇಷ್ಟ್ರೇ, ಲಂಡನ್ ಹೋಟೆಲ್ ಮುಳುಗಿದ್ದು ಯಾಕೆ? ಮಂಡ್ಯದಲ್ಲಿ ಮೆಸ್ ನಡೆಸುವವನು ನಾನು, ಅದೇ ಕುತೂಹಲ.

ಒಂಟಿಕೊಪ್ಪಲ್ ಮೇಷ್ಟ್ರು:
ಭಾರತದಿಂದ ವಾಪಸಾದ ಸಾಹೇಬರೇ ಗಿರಾಕಿಗಳು ಅಂತ ನಂಬಿದ್ದ. ಅವರ ಮನೆಗಳಲ್ಲೇ ನಮ್ಮ ಕಡೆಯ ಅಡುಗೆ ಮಾಡುವವರಿದ್ದರಂತೆ. ನಿಮಗೆ ಆ ತೊಂದರೆ ಇಲ್ಲ ಬಿಡಿ.

ಸರಸ್ವತಿಪುರಂ ವನಜ:
ಹಾಗಾದರೆ ಆ ಕಟ್ಟಡ ಏನಾಯಿತು ಸಾರ್?

ಒಂಟಿಕೊಪ್ಪಲ್ ಮೇಷ್ಟ್ರು:
1841ರಲ್ಲಿ ರೈಲು ಬಂದ ಮೇಲೆ ಬೆಳಿಗ್ಗೆ ಬಂದು ಸಂಜೆ ಹೋಗುವ ಜನ ಹೆಚ್ಚಾದರು. ಅರಮನೆ ಮಂದಿ ಬೇರೆ ಕಡೆ ಹೊರಟರು. ದೀನ್ ಮಹಮ್ಮದ್ 1851ರಲ್ಲಿ ತೀರಿಕೊಂಡ. ಕಟ್ಟಡವನ್ನು 1870ರಲ್ಲಿ ಕೆಡವಿದರು. ಮೊಮ್ಮಗ ಫ್ರೆಡರಿಕ್ ಅಕ್ಬರ್ ಮಾತ್ರ ನಿಜವಾದ ಡಾಕ್ಟರಾದ. ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ರಕ್ತದೊತ್ತಡದ ಮೇಲೆ ಕೆಲಸ ಮಾಡಿದ. ತಂಗಿ ಮಗಳಿಗೆ ಹೇಳಿ, ದೀನ್ ಮಹಮ್ಮದನ ಚಿತ್ರ ಬ್ರೈಟನ್ ಮ್ಯೂಸಿಯಂನಲ್ಲಿದೆ. ಸಮಾಧಿ ಸೇಂಟ್ ನಿಕೋಲಸ್ ಚರ್ಚಿನಲ್ಲಿ.